ಮೊದಲು ಮುಖ ಕಾಣಲಿ

ಬೆಟಗೇರಿ, ಗದಗ

ಚಿ. ಪುಟ್ಟಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿಕೊಂಡು ನೀನು ಹುಬ್ಬಳ್ಳಿ ಬಸ್ ಹತ್ತುವಾಗ, "ನೀವು ಏನೂ ಹೇಳ್ಲೇ ಇಲ್ಲಲ್ರೀ ಕಾಕಾ" ಅಂದೆ. ಹೌದು, ಹೇಳಲಿಲ್ಲ. ಬೆಂಗಳೂರಿನ ಸ್ಪರ್ಧೆಗೆ ಅಂತ ನೀನು ನಾಲ್ಕು ತಿಂಗಳು ಕೂತು ಮಾಡಿ, ಬಣ್ಣ ಬರೆದ ಪುಟ್ಟ ಗೊಂಬೆ ಅದು. ಎರಡು ನಿಮಿಷ ಕೈಯಲ್ಲಿ ಹಿಡಿದು ಬಾಯಿಗೆ ಬಂದದ್ದು ಹೇಳಬಾರದು ಅನಿಸಿತು. ಎಂಟು ದಿನ ಅದನ್ನೇ ಯೋಚಿಸಿದ್ದೇನೆ. ಈಗ ಬರೆಯುತ್ತೇನೆ.

ನಿನ್ನ ನಾಗಕನ್ನೆಯನ್ನು ನಾನು ಪಡಸಾಲೆಯ ಕಿಟಕಿ ಹತ್ತಿರ ಒಯ್ದು, ಒಂದು ಕಣ್ಣು ಮುಚ್ಚಿ ನೋಡಿದೆ. ನನ್ನ ದೃಷ್ಟಿ ಮೊದಲು ಹೋಗಿ ನಿಂತದ್ದು ಅವಳ ಸೊಂಟದ ಡಾಬಿನ ಮೇಲೆ. ಆಮೇಲೆ ಕೆಳಗಿನ ಪೀಠದ ಮೇಲಿನ ಅಣಬೆಗಳ ಮೇಲೆ. ಅಲ್ಲಿಂದ ಈಟಿಗೆ. ಮುಖವನ್ನು ಹುಡುಕಬೇಕಾಯಿತು. ಹುಡುಕಿದ ಮೇಲೆ ಗೊತ್ತಾಯಿತು, ಮುಖವನ್ನು ನೀನು ಎಷ್ಟು ಚೆಂದ ಬರೆದಿದ್ದೀ ಅಂತ. ಕೆಳತುಟಿಯ ಮೇಲೆ ಒಂದು ಚುಕ್ಕೆ ಬೆಳಕು ಇಟ್ಟಿದ್ದೀಯಲ್ಲ, ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ಸುತ್ತ ಇರುವುದೆಲ್ಲ ಅದರಷ್ಟೇ ಹೊಳೆಯುತ್ತಿದೆ. ಹಾವಿನ ಮೈಯ ಪ್ರತಿ ಹುರುಪೆಗೂ ಅಂಚಿನಲ್ಲಿ ಬಿಳಿ ಗೆರೆ, ಪ್ರತಿ ಬಳೆಗೂ ಹೊಳಪು. ಹೀಗಾದರೆ ನೋಡುವವರ ಕಣ್ಣು ಎಲ್ಲಿ ಅಂತ ನಿಲ್ಲಬೇಕು?

ನಾನು ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವನು. ಮಾಲೀಕರು ಬಂದರೆ ಎಲ್ಲವೂ ಬೇಕು ಅನ್ನುತ್ತಿದ್ದರು. ದೇವರ ಚಿತ್ರ, ಹೆಸರು, ಸಾಮಾನಿನ ಪಟ್ಟಿ, ಫೋನ್ ನಂಬರು, ಸುತ್ತ ಹೂಬಳ್ಳಿ. ಎಲ್ಲವನ್ನೂ ಬರೆಯುತ್ತಿದ್ದೆ. ಆದರೆ ರಸ್ತೆಯ ಆಚೆ ಸೈಕಲ್ ಮೇಲೆ ಹೋಗುವವನಿಗೆ ಅಂಗಡಿ ಹೆಸರು ಮೊದಲು ಕಾಣಬೇಕು. ಅದಕ್ಕೆ ಉಳಿದ ಬಣ್ಣವನ್ನೆಲ್ಲ ಒಂದು ಮಟ್ಟ ಇಳಿಸುತ್ತಿದ್ದೆ. ಏಣಿ ಇಳಿದು, ರಸ್ತೆ ದಾಟಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ನಿನಗೆ ರಸ್ತೆ ದಾಟುವ ಕೆಲಸ ಇಲ್ಲ. ಗೊಂಬೆಯನ್ನು ಮೇಜಿನ ಮೇಲಿಡು, ಮೂರು ಅಡಿ ಹಿಂದೆ ಸರಿ, ಫೋನಿನಲ್ಲಿ ಫೋಟೋ ತೆಗೆ. ಅದನ್ನು ಕಪ್ಪು-ಬಿಳುಪು ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಸಣ್ಣದಾಗಿಸಿ ನೋಡು. ಆಗಲೂ ಮುಖ ಎಲ್ಲಿದೆ ಅಂತ ತಟ್ಟನೆ ಗೊತ್ತಾಗಬೇಕು. ಕಪ್ಪಿಗೂ ಬಿಳಿಗೂ ಅತಿ ಹೆಚ್ಚು ಅಂತರ ಇರುವ ಜಾಗ ಅದೇ ಆಗಿರಬೇಕು.

ನೀನು ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಯುದ್ಧದಾಟದ ಪುಟ್ಟ ಗೊಂಬೆ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರು 1987ರಲ್ಲಿ ಇಂಗ್ಲೆಂಡಿನಲ್ಲಿ ಶುರು ಮಾಡಿದ, ಗೊಂಬೆಗೆ ಬಣ್ಣ ಬರೆಯುವ ಗೋಲ್ಡನ್ ಡೀಮನ್ ಸ್ಪರ್ಧೆ, ಅದರಲ್ಲಿ ಎಲ್ಲರಿಗಿಂತ ಮೇಲೆ ನಿಂತವರಿಗೆ ಕೊಡುವ ಸ್ಲೇಯರ್ ಸೋರ್ಡ್ ಅನ್ನುವ ಕತ್ತಿ, ಎಲ್ಲ ನೋಡಿದೆ. 28 ಮಿಲಿಮೀಟರಿನ ಯೋಧನ ಮುಖದಲ್ಲಿ ಸಿಟ್ಟು ಕಾಣುವ ಹಾಗೆ ಬರೆಯುತ್ತಾರಲ್ಲ, ದೊಡ್ಡ ಕೆಲಸ ಅದು. ಅವರ ಗೊಂಬೆಗಳಲ್ಲಿ ನಾನು ಹುಡುಕಿದ್ದು ಏನೂ ಮಾಡದೆ ಬಿಟ್ಟ ಜಾಗಗಳನ್ನು. ಮೇಲಂಗಿಯ ಒಳಮಡಿಕೆ, ಕಾಲ ಹಿಂಭಾಗ, ಪೀಠದ ಒಂದು ಬದಿ. ಅಲ್ಲಿ ಬಣ್ಣ ತಣ್ಣಗಿದೆ, ಕತ್ತಲಿದೆ. ಕೆಲಸ ಮಾಡದೆ ಬಿಟ್ಟದ್ದಲ್ಲ, ಬೇಕು ಅಂತಲೇ ಹಾಗೆ ಇಟ್ಟದ್ದು.

ಬೆಳಕಿನ ಮಾತು ಸ್ವಲ್ಪ ಜಾಸ್ತಿ ಹೇಳಬೇಕು. ಮನುಷ್ಯ ಬಿಸಿಲಿಗೆ ನಿಂತರೆ ಗದ್ದದ ಕೆಳಗೆ ನೆರಳು ತಾನಾಗಿ ಬೀಳುತ್ತದೆ. ನಿನ್ನ 75 ಮಿಲಿಮೀಟರಿನ ಗೊಂಬೆಗೆ ಆ ನೆರಳು ಸಾಲುವುದಿಲ್ಲ. ಮಡಿಕೆಗಳ ಆಳ ಕೂದಲೆಳೆಯಷ್ಟು. ಕೋಣೆಯ ಬೆಳಕು ಎಲ್ಲ ಕಡೆ ಹರಡಿ ಅದನ್ನು ತುಂಬಿಬಿಡುತ್ತದೆ. ಅದಕ್ಕೇ ನೆರಳನ್ನೂ ಬೆಳಕನ್ನೂ ನೀನೇ ಬರೆಯಬೇಕು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಶಿಲ್ಪಿಗಳಿಗೆ ಬೇರೆ ದಾರಿ ಇತ್ತು. ಅವರ ಕೈಯಲ್ಲಿ ಬಳಪದ ಕಲ್ಲು ಇತ್ತು, ಉಳಿ ಇತ್ತು. ಗೋಡೆಯ ಮೇಲೆ ಅಂಗೈ ಅಗಲದ ಪುಟ್ಟ ಪುಟ್ಟ ಶಿಖರಗಳನ್ನು ಕಡೆದಿದ್ದಾರೆ ನೋಡು, ಅಲ್ಲಿ ಬಳ್ಳಿಯ ಹಿಂದೆ ಉಳಿ ಹೊಗಿಸಿ ಒಳಗೆ ಕೊರೆದಿದ್ದಾರೆ. ನೆರಳು ಬೇಕಾದಲ್ಲಿ ಕಲ್ಲನ್ನೇ ತೆಗೆದು ನೆರಳಿಗೆ ಜಾಗ ಮಾಡಿದ್ದಾರೆ. ನಿನಗೆ ಅಷ್ಟು ಆಳ ಕೊರೆಯಲು ಆಗುವುದಿಲ್ಲ. ಅವರು ಉಳಿಯಲ್ಲಿ ಮಾಡಿದ್ದನ್ನು ನೀನು ಕುಂಚದಲ್ಲಿ ಮಾಡು.

ಮೊದಲು ಕಪ್ಪು ಪ್ರೈಮರ್ ಹೊಡೆದು, ಮೇಲಿನಿಂದ ಮಾತ್ರ ಬಿಳಿ ಹೊಡೆಯುವ ಪದ್ಧತಿ ಇದೆ ಅಂದೆಯಲ್ಲ, ಝೆನಿಥಲ್ ಅಂತ. ಅದನ್ನು ಬಿಡಬೇಡ. ಬಿಳಿ ಬಿದ್ದ ಕೂಡಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೋ. ತಿಂಗಳ ನಂತರ ಬಣ್ಣದ ಖುಷಿಯಲ್ಲಿ ಬೆಳಕು ಎಲ್ಲಿಂದ ಬರುತ್ತಿತ್ತು ಅನ್ನುವುದೇ ಮರೆತುಹೋಗುತ್ತದೆ.

ಆಭರಣಕ್ಕೆ ಚಿನ್ನದ ಬಣ್ಣ ಹಚ್ಚಿದ್ದೀ. ಅದು ಬೇಡ ಅನ್ನುವುದಿಲ್ಲ. ಆದರೆ ಆ ಬಣ್ಣದಲ್ಲಿ ಲೋಹದ ಪುಡಿ ಇರುವ ಹಾಗೆ ಮಿನುಗುವ ಕಣಗಳಿರುತ್ತವೆ, ಗೊಂಬೆ ತಿರುಗಿಸಿದ ಹಾಗೆ ಹೊಳಪು ಓಡಾಡುತ್ತದೆ. ಅದು ನಿನ್ನ ಮಾತು ಕೇಳುವುದಿಲ್ಲ. ಬೋರ್ಡಿನ ಮೇಲೆ ನಾವು ಚಿನ್ನದ ಅಕ್ಷರ ಬರೆಯುತ್ತಿದ್ದದ್ದು ಚಿನ್ನದ ಬಣ್ಣದಲ್ಲಿ ಅಲ್ಲ. ಕೆಳಗೆ ಗಾಢ ಕಂದು, ಮೇಲೆ ಹಳದಿ, ತಿರುವಿನಲ್ಲಿ ಕೆನೆ ಬಿಳಿ, ಅದರ ಪಕ್ಕದಲ್ಲೇ ಮತ್ತೆ ಕಂದು. ದೂರದಿಂದ ನೋಡಿದರೆ ತಟ್ಟಿದ ತಗಡಿನ ಹಾಗೆ ಹೊಳೆಯುತ್ತಿತ್ತು. ನಿಮ್ಮಲ್ಲಿ ಇದಕ್ಕೆ ನಾನ್ ಮೆಟಾಲಿಕ್ ಮೆಟಲ್ ಅನ್ನುತ್ತಾರಂತೆ. ಮುಂದಿನ ಸಲ ಬಂದಾಗ ಕೂತು ತೋರಿಸುತ್ತೇನೆ. ಕಿರೀಟಕ್ಕೆ ಮಾತ್ರ ಪೂರ್ತಿ ಹೊಳಪು ಇರಲಿ, ಅದು ಮುಖದ ಹತ್ತಿರ ಇದೆ. ಡಾಬು ಕಂದಿನಲ್ಲೇ ನಿಲ್ಲಲಿ.

ಕಣ್ಣಿನ ವಿಷಯ. ನಮ್ಮ ಮನೆಯಲ್ಲಿ ಗಣಪತಿಗೆ ಕಣ್ಣು ಕೊನೆಗೆ ಬರೆಯುತ್ತೇವೆ. ನಿನ್ನ ಗೊಂಬೆಗೆ ಮೊದಲೇ ಬರೆ. ಅವಳ ಕಣ್ಣು ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ತಪ್ಪಿದರೆ ಮೈಬಣ್ಣ ತಂದು ಸುತ್ತ ಮುಚ್ಚಬಹುದು. ಕೊನೆಗೆ ಬರೆದು ತಪ್ಪಿದರೆ ಮುಗಿದ ಕೆನ್ನೆಯೂ ಹಾಳಾಗುತ್ತದೆ. ಶುದ್ಧ ಬಿಳಿ ಹಾಕಬೇಡ, ಬೆಚ್ಚಿದ ಹಾಗೆ ಕಾಣುತ್ತದೆ. ಪಾಪೆ ಮೇಲಿನ ರೆಪ್ಪೆಗೆ ತಾಗಿರಲಿ. ತೀರಾ ಸಣ್ಣ ಕುಂಚ ಕೊಳ್ಳಬೇಡ, ನಮ್ಮ ಕಡೆಯ ಸೆಕೆಗೆ ಅದರ ತುದಿಯ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಹೊಟ್ಟೆ ತುಂಬಿದ, ತುದಿ ಚೂಪಾಗಿರುವ ಒಂದನೇ ನಂಬರಿನ ಕುಂಚ ಸಾಕು.

ಇನ್ನೊಂದು ಜಾಗ ಇದೆ, ಅದನ್ನು ನೀನು ಒಡೆದು ಮತ್ತೆ ಮಾಡಬೇಕು. ಬೇಜಾರಾಗಬೇಡ. ಹೆಣ್ಣಿನ ಸೊಂಟ ಮುಗಿದು ಹಾವಿನ ಮೈ ಶುರುವಾಗುವ ಕಡೆ ಎರಡು ಗೊಂಬೆ ಅಂಟಿಸಿದ ಹಾಗಿದೆ. ಅದಕ್ಕೇ ನೀನು ಅಲ್ಲಿ ಡಾಬು ತೊಡಿಸಿದ್ದು, ಅಲ್ವಾ? ನನಗೆ ಗೊತ್ತಾಯಿತು. ಇಲ್ಲದ ಪ್ರಾಣಿಯನ್ನು ನಂಬಿಸುವುದೇ ಆ ಕೂಡುವ ಜಾಗ. ನಮ್ಮ ಗುಡಿಗಳ ಮಕರ ನೋಡು. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ಬಳ್ಳಿಯ ಹಾಗೆ ಸುರುಳಿ ಸುತ್ತಿ ಹೋಗುತ್ತದೆ. ಆದರೂ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದೇ ಗೆರೆ ಮೂಗಿನಿಂದ ಬಾಲದವರೆಗೆ ಹರಿಯುತ್ತದೆ. ನಿನ್ನ ನಾಗಕನ್ನೆಯ ಬೆನ್ನುಮೂಳೆಯ ಗೆರೆ ಹಾಗೇ ಇಳಿದು ಹಾವಿನೊಳಗೆ ಹೋಗಲಿ. ಹುರುಪೆಗಳು ಸೊಂಟದ ಹತ್ತಿರ ಚರ್ಮದ ಮೇಲಿನ ಗುಳ್ಳೆಯ ಹಾಗೆ ಸಣ್ಣದಾಗಿ ಶುರುವಾಗಿ, ಕೆಳಗೆ ಇಳಿದ ಹಾಗೆ ದೊಡ್ಡದಾಗಲಿ.

ಹಳದಿ, ನೀಲಿ ಎರಡನ್ನೂ ಸೇರಿಸಿ ಕಲಸುವ ಗ್ರೀನ್ ಸ್ಟಫ್ ಅನ್ನುವ ಮೆತ್ತು ಇದೆಯಲ್ಲ, ಅದನ್ನು ಕಲಸುವಾಗ ಸೊಂಟದ ಆ ಜಾಗಕ್ಕೆ ಹಳದಿ ಸ್ವಲ್ಪ ಜಾಸ್ತಿ ಇರಲಿ, ಮೆತ್ತಗೆ ಎಳೆಯಲು ಬರುತ್ತದೆ. ಈಟಿಯ ತುದಿಗೆ ನೀಲಿ ಜಾಸ್ತಿ, ಗಟ್ಟಿಯಾಗುತ್ತದೆ. ಎಲ್ಲವನ್ನೂ ಒಂದೇ ಸಲ ಕೂತು ಮಾಡಬೇಡ. ಮೈ ಮಾಡಿ ಒಂದು ರಾತ್ರಿ ಬಿಡು, ಆಮೇಲೆ ಅದರ ಮೇಲೆ ಹುರುಪೆ ಹಚ್ಚು. ಇಲ್ಲದಿದ್ದರೆ ಒಂದು ಕಡೆ ತಿದ್ದುವಾಗ ಇನ್ನೊಂದು ಕಡೆ ಬೆರಳು ಒತ್ತಿ ಹೋಗುತ್ತದೆ. ಕೈಗೆ ಗ್ಲೌಸ್ ಹಾಕಿಕೋ. ಉಜ್ಜುವುದಿದ್ದರೆ ನೀರು ಹಚ್ಚಿ ಉಜ್ಜು, ಮುಖಕ್ಕೆ ಮಾಸ್ಕ್ ಇರಲಿ. ಆ ಧೂಳು ಒಳ್ಳೆಯದಲ್ಲ.

ವಾರ್ನಿಶ್ ಬಗ್ಗೆ ನನ್ನದೇ ಒಂದು ಕಥೆ ಹೇಳುತ್ತೇನೆ. ನನಗೆ ಇಪ್ಪತ್ತೆಂಟು ವರ್ಷ. ಒಂದು ಸ್ಪರ್ಧೆಗೆ ಅಂತ ಮೊಳದುದ್ದದ ದುರ್ಗಿ ಮಾಡಿದ್ದೆ. ಆಷಾಢದ ಸಂಜೆ, ಹೊರಗೆ ಜಿಟಿ ಜಿಟಿ ಮಳೆ. ಮರುದಿನ ಕಳಿಸಬೇಕು. ಅವಸರಕ್ಕೆ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಬೆಳಗ್ಗೆ ಎದ್ದು ನೋಡಿದರೆ ದುರ್ಗಿಯ ಮೈ ತುಂಬ ಬೂದಿ ಬಳಿದ ಹಾಗೆ ಮಂಜು ಕೂತಿತ್ತು. ಗಾಳಿಯ ತೇವ ವಾರ್ನಿಶ್‌ನಲ್ಲಿ ಸೇರಿಕೊಂಡಿತ್ತು. ನಿಮ್ಮಜ್ಜ ನೋಡಿದರು, ಏನೂ ಬೈಯಲಿಲ್ಲ, ನನ್ನ ಪಕ್ಕ ಸುಮ್ನೆ ಕೂತರು. ಆ ದಿನ ನನಗೆ ಇವತ್ತಿಗೂ ಮರೆತಿಲ್ಲ. ಮಳೆ ಇರುವ ದಿನ ಡಬ್ಬಿ ಮುಟ್ಟಬೇಡ. ಬಿಸಿಲು ಬಿದ್ದ ದಿನ, ಮೊದಲು ಬೇರೆ ತುಂಡಿನ ಮೇಲೆ ಹೊಡೆದು ನೋಡಿ, ಆಮೇಲೆ ಗೊಂಬೆಗೆ. ಸ್ಪರ್ಧೆಗೆ ಹತ್ತು ದಿನ ಮೊದಲೇ ಇದು ಮುಗಿದಿರಲಿ.

ಬೆಂಗಳೂರಿಗೆ ಒಯ್ಯುವಾಗ ಹತ್ತಿ ಸುತ್ತಬೇಡ, ಎಳೆ ಈಟಿಗೆ ಸಿಕ್ಕಿಕೊಳ್ಳುತ್ತದೆ. ಪೀಠವನ್ನು ಡಬ್ಬಿಯ ತಳಕ್ಕೆ ಗಟ್ಟಿಯಾಗಿ ಅಂಟಿಸು, ಗೊಂಬೆಗೆ ಸುತ್ತ ಏನೂ ತಾಗದಿರಲಿ. ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೋ.

ನೀನು ಹೋಗುವ ಸ್ಪರ್ಧೆ ಓಪನ್ ಪದ್ಧತಿಯದು ಅಂದೆ. ಮಟ್ಟ ಮುಟ್ಟಿದವರಿಗೆಲ್ಲ ಪದಕ, ಒಬ್ಬರಿಗೇ ಚಿನ್ನ ಅಂತಿಲ್ಲ. ನನಗೆ ಇದು ಬಹಳ ಹಿಡಿಸಿತು. ಹಾಗಿದ್ದಮೇಲೆ ಪಕ್ಕದವರ ಮೇಜು ನೋಡಿ ಹೆದರಿ ರಾತ್ರೋರಾತ್ರಿ ಪೀಠದ ಮೇಲೆ ಇನ್ನೆರಡು ತಲೆಬುರುಡೆ ಇಡಬೇಡ. ಈಗಿರುವ ಅಣಬೆಗಳಲ್ಲಿ ಮೂರು ತೆಗೆ.

ಸ್ಪರ್ಧೆಗೆ ಇನ್ನು ಎರಡು ತಿಂಗಳಿದೆ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಗದಗದಿಂದ ಲಕ್ಕುಂಡಿ 12 ಕಿಲೋಮೀಟರು, ಒಂಬತ್ತರೊಳಗೆ ಮುಟ್ಟಿದರೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುತ್ತಿರುತ್ತದೆ. ಗೊಂಬೆಯನ್ನೂ ತಾ. ಆ ಗೋಡೆಯ ಪಕ್ಕ ಹಿಡಿದು ನೋಡೋಣ. ಮಧ್ಯಾಹ್ನ ಊಟಕ್ಕೆ ಚಿಗವ್ವ ಶೇಂಗಾ ಹೋಳಿಗೆ ಮಾಡುತ್ತಾಳಂತೆ.

ನಿನ್ನ ಕಾಕಾ