ಹೆದರುವ ಮೊಲ ಮನೆಗೆ ತಂದವರು ಓದಿ

ಎಲ್ಲರಿಗೂ ನಮಸ್ಕಾರ. ರಕ್ಷಿಸಿ ತಂದ ಮೊಲ ಮೂಲೆ ಬಿಟ್ಟು ಬರುತ್ತಲೇ ಇಲ್ಲ ಅಂತ ತುಂಬಾ ಜನ ಕೇಳುತ್ತಿದ್ದೀರಿ, ಅದಕ್ಕೇ ಇದು.

ಮೊದಲು ಎತ್ತಿಕೊಳ್ಳುವುದನ್ನು ಬಿಡಿ. ಮೊಲ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿ, ಕಾಲು ನೆಲ ಬಿಟ್ಟ ಕೂಡಲೇ ಪ್ರಾಣ ಹೋಯಿತು ಅಂತಲೇ ಅದರ ಲೆಕ್ಕ, ನೀವು ಮುದ್ದು ಮಾಡೋಕೆ ಎತ್ತಿದ್ದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಹೇಳಿ? ನೀವೇ ಕೆಳಗೆ ಕೂತುಕೊಳ್ಳಿ. ಪಕ್ಕಕ್ಕೆ ತಿರುಗಿ, ಸುಮ್ನೆ ಏನಾದರೂ ಓದುತ್ತಾ. ದಿಟ್ಟಿಸಬೇಡಿ. ಬಂದು ಮೂಸಲಿ, ಬಟ್ಟೆ ಕಚ್ಚಿ ಎಳೆಯಲಿ, ಆಗಲೂ ಕೈ ಚಾಚಬೇಡಿ (ಕಷ್ಟ, ಗೊತ್ತು).

ಮುಟ್ಟುವ ಕಾಲ ಬಂದಾಗ ಮೂಗಿನ ಮುಂದೆ ಕೈ ತರಬೇಡಿ. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಹಿಂದೆ, ಮೇಲೆ ಎಲ್ಲಾ ಕಾಣುತ್ತದೆ, ಮೂಗಿನ ತುದಿಯಲ್ಲಿರುವುದು ಮಾತ್ರ ಕಾಣುವುದಿಲ್ಲ. ಬದಿಯಿಂದ ಕೈ ತಂದು ಹಣೆ ಸವರಿ. ಹಲ್ಲು ಮೆಲ್ಲಗೆ ಕಟಕಟ ಅಂದರೆ ಖುಷಿಯಾಗಿದೆ ಅಂತ. ಜೋರಾಗಿ ಹಲ್ಲು ಕಡಿದರೆ ಅದು ನೋವು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಅಡಗಲು ರಟ್ಟಿನ ಪೆಟ್ಟಿಗೆ ಇಡಿ, ಎರಡು ಬಾಗಿಲು ಕೊರೆದು. ಒಂದೇ ಇದ್ದರೆ ಸಿಕ್ಕಿಬೀಳುವ ಭಯ. ಒಳಗಿದ್ದಾಗ ಯಾರೂ ಕೈ ಹಾಕಬಾರದು, ಮಕ್ಕಳಿಗೂ ಹೇಳಿ. ನೆಲ ಜಾರುತ್ತಿದ್ದರೆ ಚಾಪೆ ಹಾಸಿ. ಹಿಂಗಾಲು ಧಡ್ ಅಂತ ಬಡಿದರೆ ಎದ್ದು ಹೋಗಿ, ಬೇರೆ ಹೊತ್ತಲ್ಲಿ ಬನ್ನಿ.

ಒಂದು ಮಾತ್ರ ತಮಾಷೆಯಲ್ಲ. ಹೆದರಿಕೆ ಜಾಸ್ತಿಯಾದರೆ ಮೊಲದ ಹೊಟ್ಟೆಯ ಕೆಲಸವೇ ನಿಂತುಬಿಡಬಹುದು. 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಅಂದರೆ ಇಲ್ಲಿ ಮೆಸೇಜ್ ಹಾಕಿ ಕಾಯಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ.