ಮಗಳಿಗೊಂದು ಪತ್ರ: ಎರಡು ಪದರಕ್ಕೆ ಇಳಿದಾಗ ಕಾಂತತ್ವ ಎಲ್ಲಿ ಹೋಯಿತು?

ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ಹತ್ತು ಪದರದ (ಒಂದೊಂದು ಪದರವೂ ಕೆಲವೇ ಪರಮಾಣುಗಳ ದಪ್ಪ) ಸ್ಟ್ರಾನ್ಷಿಯಂ ರುಥೆನೇಟ್ ಅನ್ನುವ ಆಕ್ಸೈಡ್‌ನ ಫಿಲ್ಮ್ ಚೆನ್ನಾಗಿ ಅಯಸ್ಕಾಂತವಾಗುತ್ತದೆ, ಎರಡು ಪದರದ್ದು ಎಷ್ಟು ತಣ್ಣಗೆ ಮಾಡಿದರೂ ಸುಮ್ನೆ ಕೂತಿದೆ, ನಾನೇ ಎಲ್ಲೋ ಕೆಡಿಸಿದ್ದೇನೆ ಅಂದೆ. ಇಲ್ಲ ಕಣೇ, ಆ ವಸ್ತುವಿನ ಗುಣವೇ ಹಾಗೆ.

ದಪ್ಪಗಿದ್ದಾಗ ಅದು ಸುಮಾರು 160 ಕೆಲ್ವಿನ್‌ನ (ಅಂದರೆ ಸುಮಾರು ಮೈನಸ್ 113 ಡಿಗ್ರಿ ಸೆಲ್ಸಿಯಸ್‌ನ) ಕೆಳಗೆ ಅಯಸ್ಕಾಂತ. ತೆಳುವಾದಷ್ಟೂ ಆ ಅಂಕಿ ಇಳಿಯುತ್ತದೆ, ಮೂರು ನಾಲ್ಕು ಪದರಕ್ಕೆ ಬರುವಷ್ಟರಲ್ಲಿ ಕಾಂತತ್ವವೂ ಹೋಗುತ್ತದೆ, ಲೋಹದಂತೆ ಕರೆಂಟ್ ಹರಿಸುವ ಗುಣವೂ ಹೋಗುತ್ತದೆ. ಎರಡೂ ಜೊತೆಗೇ ಹೋಗುವುದು ಸುಮ್ನೆ ಅಲ್ಲ. ಇಲ್ಲಿ ಸ್ಪಿನ್‌ಗಳನ್ನು, ಅಂದರೆ ಎಲೆಕ್ಟ್ರಾನ್‌ಗಳೊಳಗಿನ ಪುಟ್ಟ ಅಯಸ್ಕಾಂತಗಳನ್ನು, ಒಂದೇ ದಿಕ್ಕಿಗೆ ನಿಲ್ಲಿಸುವುದು ಓಡಾಡುವ ಎಲೆಕ್ಟ್ರಾನ್‌ಗಳೇ ಅಲ್ವಾ? ಮೇಲಿನ ಪದರಕ್ಕೆ ಒಂದು ಕಡೆ ನೆರೆಯವರೇ ಇಲ್ಲ. ಕೆಳಗಿನದನ್ನು ಸಬ್‌ಸ್ಟ್ರೇಟ್, ಅಂದರೆ ಫಿಲ್ಮ್ ಬೆಳೆಸುವ ತಳದ ಹರಳು, ತನ್ನ ಅಳತೆಗೆ ಎಳೆದು, ಆಕ್ಸಿಜನ್ ಕೊಂಡಿಗಳ ಕೋನವನ್ನೇ ಬದಲಿಸುತ್ತದೆ. ಹತ್ತು ಪದರವಿದ್ದರೆ ನಡುವಿನವು ಹೇಗೋ ನಿಭಾಯಿಸುತ್ತವೆ, ಎರಡೇ ಇದ್ದರೆ ನಡು ಅಂತ ಏನೂ ಉಳಿಯುವುದಿಲ್ಲ. ಎರಡೂ ಕಡೆ ಸ್ಟ್ರಾನ್ಷಿಯಂ ಟೈಟನೇಟ್ ಅನ್ನುವ ಇನ್ನೊಂದು ಆಕ್ಸೈಡ್ ಇಟ್ಟು ಬೆಳೆಸಿದಾಗ ಒಂದೇ ಪದರದಲ್ಲೂ ಕಾಂತತ್ವ ಕಂಡಿದ್ದಾರೆ, ಆದರೆ ಸುಮಾರು 25 ಕೆಲ್ವಿನ್‌ಗೆ ಇಳಿಸಿದ ಮೇಲೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಲ್ಯಾಂಥನಂ ಮ್ಯಾಂಗನೈಟ್ ಅನ್ನುವ ಮತ್ತೊಂದು ಆಕ್ಸೈಡ್. ದಪ್ಪಗಿದ್ದಾಗ ಅದರಲ್ಲಿ ಒಂದು ಪದರದ ಸ್ಪಿನ್‌ಗಳು ಒಂದು ದಿಕ್ಕಿಗೆ ನೋಡಿದರೆ ಮುಂದಿನದರವು ಎದುರು ದಿಕ್ಕಿಗೆ, ಕೂಡಿದರೆ ಸೊನ್ನೆ. ಅದನ್ನೇ ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಬೆಳೆಸಿ 2015ರಲ್ಲಿ ಒಂದು ಸಂಶೋಧಕರ ತಂಡ ಸ್ಕ್ವಿಡ್ ಸೂಕ್ಷ್ಮದರ್ಶಕದಲ್ಲಿ (ತೀರಾ ಸಣ್ಣ ಕಾಂತಕ್ಷೇತ್ರವನ್ನೂ ಹಿಡಿಯುವ ಸಾಧನ) ನೋಡಿದಾಗ, ಐದು ಪದರದವರೆಗೆ ಏನೂ ಇಲ್ಲ, ಆರನೆಯದು ಕೂತ ಕೂಡಲೇ ಅಯಸ್ಕಾಂತ! ಪದರಗಳಲ್ಲಿ ಪ್ಲಸ್ ಮೈನಸ್ ಚಾರ್ಜ್ ಒಂದರ ಮೇಲೊಂದು ಪೇರಿಸಿದಂತಿದ್ದು, ದಪ್ಪ ಏರಿದಾಗ ಎಲೆಕ್ಟ್ರಾನ್‌ಗಳು ಜಾಗ ಬದಲಿಸುತ್ತವೆ ಅನ್ನುವುದು ಅವರ ವಿವರಣೆ. ನನಗೂ ಅದು ಒಪ್ಪಿಗೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ನಿನ್ನ ಫಿಲ್ಮ್ ಒಂದು ನ್ಯಾನೋಮೀಟರ್ ಕೂಡ ಇಲ್ಲ, ಕೆಳಗಿನ ಸಬ್‌ಸ್ಟ್ರೇಟ್ ಅರ್ಧ ಮಿಲಿಮೀಟರ್, ಅಂದರೆ ಐದು ಲಕ್ಷ ಪಟ್ಟಿಗೂ ಜಾಸ್ತಿ. ಅಂಥ ಕಡೆ ಸ್ಟೀಲ್ ಚಿಮುಟದಿಂದ ಉದುರಿದ ಒಂದು ಕಣವೂ ಅಯಸ್ಕಾಂತದ ಹಾಗೆ ಕಾಣುತ್ತದೆ. ನಾನು ಒಂದು ತಿಂಗಳು ಅದನ್ನೇ ಫಿಲ್ಮಿನ ಸಿಗ್ನಲ್ ಅಂತ ನಂಬಿದ್ದೆ. ಖಾಲಿ ಸಬ್‌ಸ್ಟ್ರೇಟ್ ಇಟ್ಟು ಅಳೆದ ದಿನ ಅದೇ ಗೆರೆ ಬಂತು, ಆ ರಾತ್ರಿ ನಿದ್ದೆ ಬರಲಿಲ್ಲ. ಪ್ಲಾಸ್ಟಿಕ್ ಚಿಮುಟ ಬಳಸು.

ನಿನ್ನದರಲ್ಲಿ ಏನೂ ಕಾಣದಿರುವುದು ನೀನು ಸ್ವಚ್ಛವಾಗಿ ಕೆಲಸ ಮಾಡಿರುವುದರ ಗುರುತು. ಈಗ ಮೂರು, ನಾಲ್ಕು, ಐದು ಪದರದವನ್ನೂ ಬೆಳೆಸು. ಪ್ರತಿಯೊಂದರ ರೆಸಿಸ್ಟೆನ್ಸ್ ಗೆರೆ ನನಗೆ ಕಳಿಸು, ಭಾನುವಾರ ಕೂತು ಇಬ್ಬರೂ ನೋಡೋಣ.

ಅಮ್ಮ