ದಾಸೋಜ, ಚಾವಣರ ಹೆಸರೂ ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಟಿ.ವಿ.ಯಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದೆವು. 1964ರ ಈ ಚಿತ್ರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಅವರ ಅಭಿನಯ ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಆದರೆ ಅದರಲ್ಲಿರುವುದು ಐತಿಹ್ಯ. ಅದನ್ನೇ ಬೇಲೂರಿನ ಚರಿತ್ರೆಯೆಂದು ಎರಡು ಮೂರು ತಲೆಮಾರಿನವರು ನಂಬಿಕೊಂಡು ಬಂದಿದ್ದೇವೆ.

ಮರುವಾರ ಮೊಮ್ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಮದನಿಕೆಯರನ್ನು ನೋಡುತ್ತ, ‘ತಾತ, ಇದರಲ್ಲಿ ಜಕಣಾಚಾರಿ ಕೆತ್ತಿದ್ದು ಯಾವುದು?’ ಎಂದು ಕೇಳಿದಳು. ಬೇಲೂರಿನ ಯಾವ ಶಾಸನದಲ್ಲೂ ಆ ಹೆಸರಿಲ್ಲ ಎಂದಾಗ ಮಗುವಿನ ಮುಖ ಬಾಡಿತು. ಮೊಬೈಲನ್ನು ಎತ್ತಿ ಹಿಡಿದು, ಒಂದು ವಿಗ್ರಹದ ಪಾದದ ಕೆಳಗಿನ ಪಟ್ಟಿಯನ್ನು ದೊಡ್ಡದು ಮಾಡಿ ತೋರಿಸಿದೆ. ದೂಳು ಕೂತ ದುಂಡನೆಯ ಹಳೆಯ ಅಕ್ಷರಗಳು. ಒಂದೆರಡನ್ನು ಅವಳೇ ಗುರುತಿಸಿದಳು. ಇಲ್ಲಿ ಕೆತ್ತಿದವರು ಹೀಗೆ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಸಿನಿಮಾದ ಜಕಣ–ಡಂಕಣರಿಗೆ ಕಣ್ಣೀರು ಹಾಕಿದ ನಾವು, ಕಲ್ಲಿನ ಮೇಲೇ ಹೆಸರಿರುವ ಈ ಅಪ್ಪ–ಮಗನನ್ನು ಕೇಳಿಯೇ ಇಲ್ಲ! ಅಮೃತಾಪುರದಿಂದ ಸೋಮನಾಥಪುರದವರೆಗೆ ಕೆತ್ತಿದ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಪಾಡೂ ಅದೇ.

ಇನ್ನೊಂದು ಮಾತು. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಈ ದೇವಾಲಯ ಪ್ರತಿಷ್ಠೆಯಾಯಿತು. ಈಗ ಬಾಗಿಲಲ್ಲಿ ನಿಂತಿರುವ ರಾಜಗೋಪುರ ಮಾತ್ರ ಆಮೇಲಿನ ವಿಜಯನಗರದ ಅರಸರ ಕಾಲದ್ದು. ವಿಷ್ಣುವರ್ಧನನ ಕಥೆ ಚಿತ್ರೀಕರಿಸಲು ಬೇಲೂರಿಗೆ ಬರುವವರು ಆ ಗೋಪುರವನ್ನು ಫ್ರೇಮಿನಿಂದ ಆಚೆಗಿಡಲಿ.

ಹಳೆಯ ಚಿತ್ರಕ್ಕೆ ಕತ್ತರಿ ಹಾಕಿ ಎಂದು ನಾನು ಹೇಳುತ್ತಿಲ್ಲ, ಅದರ ಒಂದು ದೃಶ್ಯವೂ ಹೋಗಬಾರದು. ಪ್ರಸಾರಕ್ಕೆ ಮೊದಲು ‘ಇದು ಐತಿಹ್ಯ ಆಧರಿಸಿದ ಕಥೆ’ ಎಂಬ ಒಂದು ಸಾಲನ್ನು ವಾಹಿನಿಯವರು ಹಾಕಿದರೆ ಸಾಕು. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರೂ ಹೆಚ್ಚಿದ್ದಾರೆ. ಹೆಸರು ಕೆತ್ತಿರುವ ಮದನಿಕೆಯರ ಕೆಳಗೆ, ಅದೇ ಹೆಸರನ್ನು ಇಂದಿನ ಕನ್ನಡ ಲಿಪಿಯಲ್ಲಿ ಬರೆದ ಚಿಕ್ಕ ಫಲಕಗಳನ್ನು ಪುರಾತತ್ವ ಇಲಾಖೆ ಇಡಲಿ. ಮಕ್ಕಳು ಓದಿಕೊಳ್ಳುತ್ತಾರೆ.

– ನಿವೃತ್ತ ಕನ್ನಡ ಶಿಕ್ಷಕ, ಹಾಸನ